ತೆರೆ ಎಳೆದದ್ದು ಯಾರು? ‘ಮಾಯೆಯ ಪರದೆ’ಯ ಹಿಂದೆ ಮುಂದೆ

ಪ್ರವಚನದ ತುಣುಕು ವಿಡಿಯೋಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ‘ಈ ಜಗತ್ತು ಮಾಯೆ, ಆ ಪರದೆ ಸರಿಸಿ ನೋಡಿ, ಸತ್ಯ ಕಾಣುತ್ತದೆ’ ಎಂದು ಹೇಳಿ ಒಂದು ನಿಮಿಷದೊಳಗೆ ಮುಗಿಸಿಬಿಡುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಯಾವ ಪರದೆ? ಎಲ್ಲಿ ತೂಗುಹಾಕಿದೆ? ಸರಿಸುವುದು ನಮ್ಮ ಕೈಯಲ್ಲಿದೆಯಾ? ಇದನ್ನು ಕೇಳುವ ಹೊತ್ತಿಗೆ ಮುಂದಿನ ವಿಡಿಯೋ ಶುರುವಾಗಿರುತ್ತದೆ.

ಈ ಪ್ರಶ್ನೆಗಳಿಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಒಂದೇ ಅಲ್ಲ. ಶೃಂಗೇರಿಯಲ್ಲಿ ಒಂದು, ಮೇಲುಕೋಟೆಯಲ್ಲಿ ಇನ್ನೊಂದು, ಉಡುಪಿಯಲ್ಲಿ ಮತ್ತೊಂದು, ಶ್ರವಣಬೆಳಗೊಳದಲ್ಲಿ ಬೇರೆಯೇ. ಪರದೆ ಇದೆ ಎನ್ನುವುದರಲ್ಲಿ ಎಲ್ಲರೂ ಒಂದು. ಅದು ಎಲ್ಲಿದೆ ಎನ್ನುವಲ್ಲಿ ಜಗಳ.

ಗೋಡೆ ಬಿಟ್ಟು ಬಟ್ಟೆಯೇ ಯಾಕೆ?

ದೇವಸ್ಥಾನದಲ್ಲಿ ಅಲಂಕಾರದ ಹೊತ್ತಿಗೆ ಗರ್ಭಗುಡಿಯ ಬಾಗಿಲಿಗೆ ತೆರೆ ಎಳೆಯುತ್ತಾರೆ. ಆಗ ಮೂರ್ತಿ ಎಲ್ಲಿಗೂ ಹೋಗಿರುವುದಿಲ್ಲ. ಒಳಗೆ ದೀಪವೂ ಉರಿಯುತ್ತಿರುತ್ತದೆ. ಕಾಣದೇ ಹೋಗಿರುವುದು ನಮಗೆ ಮಾತ್ರ. ಅಲ್ಲಿ ಗೋಡೆ ಇದ್ದಿದ್ದರೆ ಒಳಗೇನಿದೆ ಎಂದು ಯಾರೂ ಕಾಯುತ್ತ ನಿಲ್ಲುತ್ತಿರಲಿಲ್ಲ. ತೆರೆ ಹಾಗಲ್ಲ. ‘ಹಿಂದೆ ಏನೋ ಇದೆ, ಈಗ ಕಾಣುತ್ತಿಲ್ಲ, ಮುಂದೆ ಕಾಣಬಹುದು’ ಎಂಬ ಮೂರೂ ಮಾತನ್ನು ಅದು ಒಟ್ಟಿಗೆ ಹೇಳುತ್ತದೆ. ಇರುವಿಕೆಯ ಬಗ್ಗೆ ಯೋಚಿಸಿದವರಿಗೆ ಬೇಕಾಗಿದ್ದದ್ದು ಇದೇ. ಸತ್ಯ ಇದೆ, ಆದರೆ ಕಾಣುತ್ತಿಲ್ಲ ಎನ್ನಲು ಬಟ್ಟೆಗಿಂತ ಸುಲಭದ ಗುರುತು ಇನ್ನೊಂದಿಲ್ಲ.

ಈ ಗುರುತು ಒಪ್ಪಿಕೊಂಡ ಕೂಡಲೇ ಮೂರು ಪ್ರಶ್ನೆಗಳು ಹುಟ್ಟುತ್ತವೆ. ತೆರೆ ಎಳೆದವರು ಯಾರು? ಅದು ಇರುವುದು ಮೂರ್ತಿಯ ಹತ್ತಿರವೋ, ನೋಡುವವನ ಕಣ್ಣಿನ ಹತ್ತಿರವೋ? ಸರಿಸುವ ಕೈ ಯಾರದ್ದು? ಯಾವ ಮತದ ಪುಸ್ತಕ ತೆಗೆದರೂ ಈ ಮೂರನ್ನು ಕೈಯಲ್ಲಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಚಿನ್ನದ ಮುಚ್ಚಳ

ಈ ಮಾತಿನ ಬಹಳ ಹಳೆಯ ರೂಪ ಈಶಾವಾಸ್ಯ ಉಪನಿಷತ್ತಿನಲ್ಲಿದೆ. ಬರೀ 18 ಮಂತ್ರಗಳ ಪುಟ್ಟ ಉಪನಿಷತ್ತು ಅದು. 15ನೇ ಮಂತ್ರ ಹೀಗೆ ಶುರುವಾಗುತ್ತದೆ: ‘ಹಿರಣ್ಮಯೇನ ಪಾತ್ರೇಣ ಸತ್ಯಸ್ಯಾಪಿಹಿತಂ ಮುಖಮ್’. ಸತ್ಯದ ಮುಖವನ್ನು ಚಿನ್ನದ ಪಾತ್ರೆ ಮುಚ್ಚಿದೆ, ಪೂಷನ್, ನನಗೆ ಕಾಣುವಂತೆ ಅದನ್ನು ಸರಿಸು ಎಂಬ ಬೇಡಿಕೆ. ಪೂಷನ್ ಎಂದರೆ ಸೂರ್ಯ. ಸಾಯುವ ಹೊತ್ತಿನಲ್ಲಿರುವ ಉಪಾಸಕನ ಪ್ರಾರ್ಥನೆ ಇದು ಎಂದು ಶಂಕರರ ಭಾಷ್ಯ ಹೇಳುತ್ತದೆ. ಆ ಚಿನ್ನದ ಪಾತ್ರೆ ಹೊಳೆಯುವ ಸೂರ್ಯಮಂಡಲವೇ.

ಇಲ್ಲಿ ಮುಚ್ಚಿರುವುದು ಕತ್ತಲೆಯಲ್ಲ, ಬೆಳಕು. ಕಣ್ಣು ಕೋರೈಸುವಷ್ಟು ಹೊಳೆಯುವ ವಸ್ತುವೇ ತನ್ನ ಹಿಂದಿರುವುದನ್ನು ಮರೆಮಾಡುತ್ತದೆ. ಇದೇ ಯೋಚನೆ ಬಹಳ ದೂರದಲ್ಲಿ, ಇಸ್ಲಾಮಿನ ಸೂಫಿ ಪರಂಪರೆಯಲ್ಲೂ ಕಾಣುತ್ತದೆ. ದೇವರಿಗೆ ಬೆಳಕಿನದೂ ಕತ್ತಲೆಯದೂ ಆದ ಎಪ್ಪತ್ತು ಪರದೆಗಳಿವೆ ಎಂಬ ಹದೀಸ್, ಅಂದರೆ ಪ್ರವಾದಿ ಮುಹಮ್ಮದರದೆಂದು ಹೇಳುವ ಮಾತು, ಒಂದಿದೆ. ಕೆಲವು ಪಾಠಗಳಲ್ಲಿ ಎಪ್ಪತ್ತು ಸಾವಿರ. 1111ರಲ್ಲಿ ತೀರಿಕೊಂಡ ಇಸ್ಲಾಮಿನ ವಿದ್ವಾಂಸ ಅಲ್ ಗಝಾಲಿ ಇದನ್ನು ವಿವರಿಸುತ್ತ ಜನರನ್ನು ಮೂರು ಗುಂಪು ಮಾಡಿದರು. ಬರೀ ಕತ್ತಲೆಯ ಪರದೆ ಬಿದ್ದವರು, ಕತ್ತಲೆ ಬೆಳಕು ಬೆರೆತ ಪರದೆಯವರು, ಬರೀ ಬೆಳಕಿನ ಪರದೆಯವರು. ಹಣ ಅಧಿಕಾರದ ಹಿಂದೆ ಬಿದ್ದವನಿಗೆ ಕತ್ತಲೆಯ ಪರದೆ. ದೇವರ ಬಗ್ಗೆ ಎತ್ತರದ ಕಲ್ಪನೆ ಮಾಡಿಕೊಂಡು ಅಲ್ಲಿಗೇ ನಿಂತವನಿಗೆ ಆ ಕಲ್ಪನೆಯೇ ಪರದೆ. ಹೆಚ್ಚು ಓದಿಕೊಂಡವರು ಇದನ್ನು ಎರಡು ಸಲ ಓದಬೇಕು.

ಈಶಾವಾಸ್ಯದ ಮಂತ್ರ ಮೂರನೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಸರಿಸುವವನು ದೇವರು, ಕೇಳುವವನು ಮನುಷ್ಯ. ಭಗವದ್ಗೀತೆಗೆ ಬಂದರೆ ವಿಷಯ ಸ್ವಲ್ಪ ಸಿಕ್ಕಾಗುತ್ತದೆ. 5ನೇ ಅಧ್ಯಾಯದ 15ನೇ ಶ್ಲೋಕ, ಅಜ್ಞಾನ ಜ್ಞಾನವನ್ನು ಮುಚ್ಚಿದೆ, ಅದರಿಂದ ಜೀವಿಗಳು ಮೋಹಕ್ಕೆ ಬೀಳುತ್ತವೆ ಎನ್ನುತ್ತದೆ. ಅಂದರೆ ತೆರೆ ನಮ್ಮ ಕಡೆ ಇದೆ. 7ನೇ ಅಧ್ಯಾಯದ 25ನೇ ಶ್ಲೋಕದಲ್ಲಿ ಕೃಷ್ಣ, ಯೋಗಮಾಯೆಯಿಂದ ಮರೆಯಾಗಿರುವ ನಾನು ಎಲ್ಲರಿಗೂ ಕಾಣಿಸಿಕೊಳ್ಳುವುದಿಲ್ಲ ಎನ್ನುತ್ತಾನೆ. ಅಂದರೆ ತೆರೆ ಅವನ ಕಡೆ ಇದೆ. ಒಂದೇ ಪುಸ್ತಕ, ಎರಡು ಶ್ಲೋಕ. ಮುಂದಿನ ಆಚಾರ್ಯರ ಜಗಳಕ್ಕೆ ಬೇಕಾದ ಬೀಜ ಇಲ್ಲೇ ಇದೆ.

ಹತ್ತನೆಯವನು ಎಲ್ಲಿ ಹೋದ?

ಅದ್ವೈತ ಹೇಳುವುದು ಇಷ್ಟು: ನಿಜವಾಗಿ ಇರುವುದು ಬ್ರಹ್ಮ ಒಂದೇ, ನಾನೂ ಅದೇ. ಹಾಗಿದ್ದರೆ ಯಾಕೆ ನನಗೆ ಹಾಗೆ ಅನಿಸುವುದಿಲ್ಲ? ಅಜ್ಞಾನದಿಂದ. ಅಜ್ಞಾನ ಎಂದರೆ ಸುಮ್ನೆ ‘ಗೊತ್ತಿಲ್ಲ’ ಎನ್ನುವ ಖಾಲಿತನ ಎಂದು ಅವರು ಒಪ್ಪುವುದಿಲ್ಲ. ಅದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಆವರಣ, ಇದ್ದದ್ದನ್ನು ಮುಚ್ಚುವುದು. ಎರಡನೆಯದು ವಿಕ್ಷೇಪ, ಮುಚ್ಚಿದ ಜಾಗದಲ್ಲಿ ಇಲ್ಲದ್ದನ್ನು ತೋರಿಸುವುದು. ಮುಸ್ಸಂಜೆಯಲ್ಲಿ ಹಗ್ಗ ಕಾಣದೇ ಹೋಗುವುದು ಆವರಣ. ಅಲ್ಲಿ ಹಾವು ಕಂಡು ಬೆಚ್ಚುವುದು ವಿಕ್ಷೇಪ. ಕಗ್ಗತ್ತಲೆಯಾಗಿದ್ದರೆ ಹಾವೂ ಕಾಣುತ್ತಿರಲಿಲ್ಲ. ಅರ್ಧ ಮುಚ್ಚಿದ್ದರಿಂದಲೇ ಈ ಫಜೀತಿ.

ಈ ಎರಡನ್ನೂ ತುಂಬ ಚೆನ್ನಾಗಿ ಬಿಡಿಸಿ ತೋರಿಸಿದ್ದು ‘ಪಂಚದಶಿ’. 14ನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಬಂದ ಗ್ರಂಥ. ಅದರ ‘ತೃಪ್ತಿದೀಪ’ ಎಂಬ ಭಾಗದಲ್ಲಿ ಹತ್ತು ಜನರ ಕತೆ ಬರುತ್ತದೆ. ಹತ್ತು ಜನ ನದಿ ದಾಟುತ್ತಾರೆ. ಎಲ್ಲರೂ ಬಂದೆವಾ ಎಂದು ಒಬ್ಬ ಎಣಿಸುತ್ತಾನೆ. ಒಂಬತ್ತೇ ಬರುತ್ತದೆ, ಯಾಕೆಂದರೆ ತನ್ನನ್ನು ಬಿಟ್ಟು ಎಣಿಸಿರುತ್ತಾನೆ. ಹತ್ತನೆಯವನು ನೀರುಪಾಲಾದ ಎಂದು ಎದೆ ಬಡಿದುಕೊಂಡು ಅಳುತ್ತಾನೆ. ಆ ದಾರಿಯಲ್ಲಿ ಬಂದವನೊಬ್ಬ, ‘ಹತ್ತನೆಯವನು ಇದ್ದಾನಪ್ಪಾ’ ಎಂದು ಹೇಳುತ್ತಾನೆ. ಆಮೇಲೆ, ‘ಆ ಹತ್ತನೆಯವನು ನೀನೇ’ ಎನ್ನುತ್ತಾನೆ.

ಮಕ್ಕಳ ಕತೆಯ ಹಾಗಿದೆ, ಅಲ್ವಾ? ಆದರೆ ವಿದ್ಯಾರಣ್ಯರು ಇದನ್ನು ಏಳು ಹಂತಗಳಾಗಿ ಬಿಡಿಸುತ್ತಾರೆ. ಹತ್ತನೆಯವನು ಯಾರೆಂದು ತಿಳಿಯದಿರುವುದು ಅಜ್ಞಾನ. ‘ಹತ್ತನೆಯವನು ಇಲ್ಲ, ಕಾಣುತ್ತಿಲ್ಲ’ ಎನ್ನುವುದು ಆವರಣ. ಅತ್ತು ಕರೆಯುವುದು ವಿಕ್ಷೇಪ. ‘ಇದ್ದಾನೆ’ ಎಂದು ನಂಬಿದವರ ಬಾಯಿಂದ ಕೇಳಿದ್ದು ಪರೋಕ್ಷ ಜ್ಞಾನ. ‘ನಾನೇ’ ಎಂದು ಹೊಳೆದದ್ದು ಅಪರೋಕ್ಷ ಜ್ಞಾನ. ಆಮೇಲೆ ದುಃಖ ಹೋಗುತ್ತದೆ, ತೃಪ್ತಿ ಬರುತ್ತದೆ.

ಇದರಲ್ಲಿ ‘ಇಲ್ಲ’ ಮತ್ತು ‘ಕಾಣುತ್ತಿಲ್ಲ’ ಎಂಬ ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಅದ್ವೈತದ ಪ್ರಕಾರ ತೆರೆಗೆ ಎರಡು ಪದರ. ಮೊದಲ ಪದರ ‘ಅದು ಇಲ್ಲವೇ ಇಲ್ಲ’ ಎನ್ನಿಸುತ್ತದೆ. ಎರಡನೆಯದು ‘ಇರಬಹುದು, ನನಗೆ ತೋರುತ್ತಿಲ್ಲ’ ಎನ್ನಿಸುತ್ತದೆ. ಗುರು ಹೇಳಿದ್ದನ್ನು ಕೇಳಿದಾಗ, ಶಾಸ್ತ್ರ ಓದಿದಾಗ ಮೊದಲ ಪದರ ಹರಿಯುತ್ತದೆ. ಎರಡನೆಯದು ಹರಿಯುವುದು ನೇರ ಅರಿವಿನಿಂದ ಮಾತ್ರ. ‘ಇಷ್ಟೆಲ್ಲ ಓದಿದೆ, ಆದರೂ ಏನೂ ಬದಲಾಗಲಿಲ್ಲ’ ಎಂದು ಕೆಲವರು ಹೇಳುತ್ತಾರಲ್ಲ, ಅವರ ಸ್ಥಿತಿಗೆ ಪಂಚದಶಿ ಆಗಲೇ ಪರೋಕ್ಷ ಜ್ಞಾನ ಎಂಬ ಹೆಸರು ಕೊಟ್ಟಿದೆ.

ಹಾಗಾದರೆ ತೆರೆ ಎಲ್ಲಿದೆ? ಹಸ್ತಾಮಲಕ ಸ್ತೋತ್ರದಲ್ಲಿ ಒಂದು ಸೊಗಸಾದ ಸಾಲಿದೆ. ಮೋಡ ಅಡ್ಡ ಬಂದಿರುವುದು ನೋಡುವವನ ದೃಷ್ಟಿಗೆ. ಆದರೆ ಮೂಢ ‘ಸೂರ್ಯನಿಗೇ ಮೋಡ ಕವಿದಿದೆ, ಅವನ ಬೆಳಕು ಹೋಯಿತು’ ಎಂದುಕೊಳ್ಳುತ್ತಾನೆ. ಅಷ್ಟು ದೊಡ್ಡ ಸೂರ್ಯನನ್ನು ತುಂಡು ಮೋಡ ಮುಚ್ಚುವುದುಂಟೇ? ಅದ್ವೈತದ ಉತ್ತರ ಇದೇ. ತೆರೆ ಕಣ್ಣಿನ ಹತ್ತಿರ. ಮೂರ್ತಿಗೆ ಎಂದೂ ತೆರೆ ಬಿದ್ದಿಲ್ಲ.

‘ಬರೀ ಬೆಳಕಿಗೆ ತೆರೆ ಹಾಕೋದು ಹೇಗೆ?’

ರಾಮಾನುಜರಿಗೆ ಈ ಉತ್ತರ ಸರಿಬರಲಿಲ್ಲ. 12ನೇ ಶತಮಾನದಲ್ಲಿ ಮೇಲುಕೋಟೆಯಲ್ಲಿ ನೆಲೆಸಿದ್ದವರು ಅವರು. ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದ ಆರಂಭದಲ್ಲೇ ಅದ್ವೈತದ ಅವಿದ್ಯೆಯ (ಅಂದರೆ ಅದೇ ಅಜ್ಞಾನದ) ಮೇಲೆ ಏಳು ಆಕ್ಷೇಪ ಎತ್ತುತ್ತಾರೆ. ಅದರಲ್ಲಿ ಎರಡು ನಮ್ಮ ತೆರೆಗೆ ನೇರವಾಗಿ ಸಂಬಂಧಪಟ್ಟವು.

ಒಂದು, ಅಜ್ಞಾನ ಯಾರಿಗೆ? ಜೀವನಿಗೆ ಎನ್ನುವ ಹಾಗಿಲ್ಲ, ಯಾಕೆಂದರೆ ನಿಮ್ಮ ಪ್ರಕಾರ ಜೀವ ಹುಟ್ಟುವುದೇ ಅಜ್ಞಾನದಿಂದ. ಬ್ರಹ್ಮಕ್ಕೆ ಎನ್ನುವ ಹಾಗೂ ಇಲ್ಲ, ಅದು ಅರಿವಿನದೇ ರೂಪ. ಇನ್ನೊಂದು, ಬ್ರಹ್ಮ ಬರೀ ಬೆಳಕು ಎನ್ನುತ್ತೀರಿ. ಬೆಳಕಿಗೆ ತೆರೆ ಎಂದರೇನು? ಒಂದೋ ಹುಟ್ಟುವ ಬೆಳಕನ್ನು ತಡೆಯಬೇಕು, ಇಲ್ಲವೇ ಇರುವ ಬೆಳಕನ್ನು ಆರಿಸಬೇಕು. ಬ್ರಹ್ಮ ಹುಟ್ಟುವಂಥದ್ದಲ್ಲ. ಉಳಿದದ್ದು ಆರಿಸುವುದು. ಹಾಗಾದರೆ ತೆರೆ ಎಳೆದ ಕ್ಷಣ ಬ್ರಹ್ಮವೇ ನಾಶವಾಯಿತಲ್ಲ! ವಾದ ಎಷ್ಟು ಬಿಗಿಯಾಗಿದೆ ನೋಡಿ.

ಮೊದಲನೇ ಪ್ರಶ್ನೆ ಅದ್ವೈತಿಗಳ ಮನೆಯೊಳಗೂ ಇತ್ತು. ವಾಚಸ್ಪತಿ ಮಿಶ್ರರ ‘ಭಾಮತಿ’ಯ ದಾರಿಯವರು ಅಜ್ಞಾನ ಇರುವುದು ಜೀವನಲ್ಲಿ ಎಂದರು. ಪ್ರಕಾಶಾತ್ಮರ ‘ವಿವರಣ’ದ ದಾರಿಯವರು ಬ್ರಹ್ಮದಲ್ಲೇ ಎಂದರು. ಈ ದೊಡ್ಡ ಚರ್ಚೆಯನ್ನು 16ನೇ ಶತಮಾನದ ಕನಕದಾಸರು ಒಂದೇ ಸಾಲಿನಲ್ಲಿ ದೇವರ ಮುಂದೆಯೇ ಇಟ್ಟುಬಿಟ್ಟರು: ‘ನೀ ಮಾಯೆಯೊಳಗೋ, ನಿನ್ನೊಳು ಮಾಯೆಯೋ’. ಚಿಕ್ಕಂದಿನಿಂದ ಹಾಡಿಕೊಂಡು ಬಂದಿರುವುದರಿಂದ ಅದು ಎಷ್ಟು ಹರಿತವಾದ ಪ್ರಶ್ನೆ ಎಂಬುದೇ ನಮಗೆ ಮರೆತುಹೋಗಿದೆ.

ರಾಮಾನುಜರ ಸ್ವಂತ ಉತ್ತರದಲ್ಲಿ ತೆರೆ ಎಂದರೆ ಕರ್ಮ. ಜೀವನ ಅರಿವು ದೀಪದ ಪ್ರಭೆಯ ಹಾಗೆ ಹರಡಬಲ್ಲದು, ಕುಗ್ಗಬಲ್ಲದು. ಕರ್ಮ ಅದನ್ನು ಕುಗ್ಗಿಸಿದೆ. ಮುಚ್ಚಿರುವುದು ಜೀವನ ಅರಿವನ್ನು, ದೇವರನ್ನಲ್ಲ.

ಉಡುಪಿಯ ಮಧ್ವಾಚಾರ್ಯರು (1238–1317) ಇನ್ನೂ ಮುಂದೆ ಹೋದರು. ಅವರ ದ್ವೈತದಲ್ಲಿ ಜೀವ ಬೇರೆ, ದೇವರು ಬೇರೆ, ಎರಡೂ ನಿಜ. ಹಾಗಾಗಿ ಅಜ್ಞಾನ ಯಾರಿಗೆ ಎಂಬ ಪ್ರಶ್ನೆಯೇ ಅವರಿಗೆ ಕಷ್ಟವಲ್ಲ. ಜೀವನಿಗೆ. ತೆರೆಯೂ ತೋರಿಕೆಯದ್ದಲ್ಲ, ನಿಜವಾದದ್ದು. ಅವರು ಎರಡು ತೆರೆ ಹೇಳುತ್ತಾರೆ. ಒಂದು ಜೀವಾಚ್ಛಾದಿಕಾ. ಇದು ಜೀವನಿಗೆ ತನ್ನ ನಿಜರೂಪ ಕಾಣದಂತೆ ಮಾಡುತ್ತದೆ. ಇನ್ನೊಂದು ಪರಮಾಚ್ಛಾದಿಕಾ. ಇದು ಜೀವನಿಗೆ ಪರಮಾತ್ಮ ಕಾಣದಂತೆ ಮಾಡುತ್ತದೆ. ಅಂದರೆ ಕಣ್ಣಿನ ಹತ್ತಿರ ಒಂದು, ಮೂರ್ತಿಯ ಹತ್ತಿರ ಒಂದು. ಗೀತೆಯ ಆ ಎರಡು ಶ್ಲೋಕಗಳಿಗೂ ಇಲ್ಲಿ ಜಾಗವಿದೆ.

ಸರಿಸುವುದು ಯಾರು? ಅದ್ವೈತದಲ್ಲಿ ಅರಿವು ಬಂದರೆ ತೆರೆ ಉಳಿಯುವುದಿಲ್ಲ, ಬೆಳಕು ತಂದರೆ ಹಾವು ಹೋದ ಹಾಗೆ. ಮಧ್ವರಿಗೆ ಇದು ಸಾಲದು. ನಿಜವಾದ ತೆರೆ ತಿಳಿವಳಿಕೆಯಿಂದಷ್ಟೇ ಮಾಯವಾಗುವುದಿಲ್ಲ. ಅದು ಇರುವುದು ದೇವರ ಇಚ್ಛೆಯಿಂದ, ಸರಿಯುವುದೂ ಅವನ ಪ್ರಸಾದದಿಂದ. ತಿಳಿವಳಿಕೆ, ಭಕ್ತಿ ಎಲ್ಲವೂ ಆ ಪ್ರಸಾದಕ್ಕೆ ದಾರಿ. ದಾಸರ ಪದಗಳಲ್ಲಿ ದೇವರನ್ನು ಅಷ್ಟೊಂದು ಕರೆಯುವುದು, ಬೈಯುವುದು, ಗೋಗರೆಯುವುದು ಯಾಕೆ ಎಂದು ಇಲ್ಲಿ ತಿಳಿಯುತ್ತದೆ. ತೆರೆಯ ಹಗ್ಗ ಅವನ ಕೈಯಲ್ಲಿದ್ದರೆ ಕೂಗುವುದೇ ಸಾಧನೆ.

ಮುಖಕ್ಕೆ ಹೊದಿಸಿದ ಬಟ್ಟೆ, ಕಣ್ಣಿಗೆ ಕಟ್ಟಿದ ಪಟ್ಟಿ

ಜೈನರಲ್ಲಿ ತೆರೆ ಎಳೆಯುವ ದೇವರೇ ಇಲ್ಲ. ಅಲ್ಲಿ ಕರ್ಮ ಎನ್ನುವುದು ಪುಣ್ಯ ಪಾಪದ ಲೆಕ್ಕವಷ್ಟೇ ಅಲ್ಲ. ಅದು ಪುದ್ಗಲ, ಅಂದರೆ ಅತಿ ಸೂಕ್ಷ್ಮವಾದ ಜಡವಸ್ತು. ನಮ್ಮ ಮಾತು, ಮನಸ್ಸು, ದೇಹದ ಚಟುವಟಿಕೆಯಿಂದ ಒಳಗೆ ಹರಿದು ಬಂದು ಆತ್ಮಕ್ಕೆ ಅಂಟಿಕೊಳ್ಳುತ್ತದೆ. ತೆರೆ ಎಂಬ ಮಾತು ಇಷ್ಟು ಗಟ್ಟಿ ಅರ್ಥದಲ್ಲಿ ಬಳಕೆಯಾದ ಜಾಗ ಬೇರೆ ಇರಲಿಕ್ಕಿಲ್ಲ.

ಎಂಟು ಬಗೆಯ ಕರ್ಮಗಳಲ್ಲಿ ಮೊದಲ ಎರಡರ ಹೆಸರಿನಲ್ಲೇ ಆವರಣವಿದೆ: ಅರಿವನ್ನು ಮುಚ್ಚುವ ಜ್ಞಾನಾವರಣೀಯ, ನೋಟವನ್ನು ಮುಚ್ಚುವ ದರ್ಶನಾವರಣೀಯ. ಗೊಮ್ಮಟೇಶ್ವರನ ಮೂರ್ತಿ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರು ಬರೆದ ‘ಗೊಮ್ಮಟಸಾರ’ದಲ್ಲಿ ಎಂಟಕ್ಕೂ ಒಂದೊಂದು ಹೋಲಿಕೆ ಇದೆ. ಜ್ಞಾನಾವರಣೀಯಕ್ಕೆ ಬಟ್ಟೆ. ದರ್ಶನಾವರಣೀಯಕ್ಕೆ ಅರಸನ ಬಳಿ ಬಿಡದ ಬಾಗಿಲುಕಾಯುವವನು. ಮೋಹಕ್ಕೆ ಬೀಳಿಸುವ ಮೋಹನೀಯಕ್ಕೆ ಹೆಂಡ.

ಆ ಬಟ್ಟೆ ಎಲ್ಲಿದೆ? ದಿಗಂಬರ ವ್ಯಾಖ್ಯಾನಕಾರರು ದೇವರ ಮುಖಕ್ಕೆ ಹೊದಿಸಿದ ಬಟ್ಟೆಯ ಹಾಗೆ ಎನ್ನುತ್ತಾರೆ. ಶ್ವೇತಾಂಬರರ ಕರ್ಮಗ್ರಂಥ ಕಣ್ಣಿಗೆ ಕಟ್ಟಿದ ಪಟ್ಟಿಯ ಹಾಗೆ ಎನ್ನುತ್ತದೆ. ನಮ್ಮ ಎರಡನೇ ಪ್ರಶ್ನೆ ಇಲ್ಲೂ ತಲೆಯೆತ್ತಿತು! ಆದರೆ ಜೈನರಿಗೆ ಇದರಿಂದ ತೊಂದರೆಯಿಲ್ಲ. ನೋಡುವ ಕಣ್ಣೂ ಆತ್ಮವೇ, ಮುಚ್ಚಿಹೋದ ಮುಖವೂ ಆತ್ಮವೇ. ಸರಿಸುವ ಕೈಯೂ ಆತ್ಮದ್ದೇ. ತಪಸ್ಸಿನಿಂದ ಅಂಟಿದ್ದನ್ನು ಉದುರಿಸಬೇಕು, ಬೇರೆಯವರ ಕೃಪೆ ನಡೆಯುವುದಿಲ್ಲ.

ತಾನೇ ಮರೆಯಾಗುವ ಶಿವ

ಶೈವರ ಉತ್ತರ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಶಿವನಿಗೆ ಐದು ಕೆಲಸ: ಸೃಷ್ಟಿ, ಸ್ಥಿತಿ, ಸಂಹಾರ, ತಿರೋಭಾವ, ಅನುಗ್ರಹ. ನಾಲ್ಕನೆಯ ತಿರೋಭಾವ ಎಂದರೆ ಮರೆಯಾಗುವುದು. ತಮಿಳಿನ ಶೈವ ಸಿದ್ಧಾಂತದಲ್ಲಿ ನಟರಾಜನ ನೆಲಕ್ಕೂರಿದ ಕಾಲು ತಿರೋಭಾವದ ಗುರುತು, ಎತ್ತಿದ ಕಾಲು ಬಿಡುಗಡೆಯ ಗುರುತು. ಜೀವ ತನ್ನ ಕರ್ಮ ಉಂಡು ಹಣ್ಣಾಗಲಿ ಎಂದು ಶಿವ ಮರೆಯಾಗಿರುತ್ತಾನೆ, ಅದೂ ಕೃಪೆಯೇ ಎಂಬುದು ಅವರ ವಿವರಣೆ. ಕಾಶ್ಮೀರ ಶೈವದಲ್ಲಿ ಶಿವ ಆಟಕ್ಕಾಗಿ ತನ್ನನ್ನು ತಾನೇ ಐದು ಕಂಚುಕಗಳಲ್ಲಿ, ಅಂದರೆ ಹೊದಿಕೆಗಳಲ್ಲಿ, ಮುಚ್ಚಿಕೊಂಡು ನಾನು ನೀವು ಆಗುತ್ತಾನೆ. ಅವರ ಶಿವಸೂತ್ರ ಆತ್ಮವನ್ನು ‘ನರ್ತಕ’ ಎಂದೇ ಕರೆಯುತ್ತದೆ.

ನಮ್ಮ ಅಲ್ಲಮಪ್ರಭು ಈ ಲೆಕ್ಕಾಚಾರಕ್ಕೆಲ್ಲ ಹೋಗುವುದಿಲ್ಲ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ ಎಂದು ಒಂದೊಂದನ್ನೇ ಪಕ್ಕಕ್ಕಿಟ್ಟು, ‘ಮನದ ಮುಂದಣ ಆಸೆಯೇ ಮಾಯೆ’ ಎನ್ನುತ್ತಾನೆ. ತೆರೆಯ ಜಾಗವನ್ನು ಇಷ್ಟು ಖಚಿತವಾಗಿ ತೋರಿಸಿದವರು ಕಡಿಮೆ. ಮನಸ್ಸಿನೊಳಗೂ ಅಲ್ಲ, ಹೊರಗಿನ ವಸ್ತುವಿನ ಮೇಲೂ ಅಲ್ಲ, ಮನಸ್ಸಿನ ಮುಂದೆ. ಹೆಣ್ಣನ್ನೇ ಮಾಯೆ ಎಂದು ಬೈಯುತ್ತಿದ್ದವರ ಬಾಯಿಯನ್ನೂ ಅದೇ ಏಟಿಗೆ ಮುಚ್ಚಿಸಿದ.

ಜರ್ಮನಿ ಸುತ್ತಿ ಬಂದ ಪರದೆ

‘ಮಾಯೆಯ ಪರದೆ’ ಎಂಬ ಮಾತು ಜಗತ್ತಿಗೆಲ್ಲ ಪರಿಚಯವಾದದ್ದು ಹೆಚ್ಚಾಗಿ ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌವರ್‌ನಿಂದ. ಉಪನಿಷತ್ತು ಅವನ ಕೈಗೆ ಸೇರಿದ ದಾರಿ ಬಲು ಉದ್ದ. 1657ರಲ್ಲಿ ಮೊಘಲ್ ರಾಜಕುಮಾರ ದಾರಾ ಶಿಕೋ ಉಪನಿಷತ್ತುಗಳನ್ನು ಪಾರಸಿಗೆ ತರಿಸಿದ. ಆ ಪಾರಸಿಯಿಂದ ಫ್ರಾನ್ಸಿನ ಆಂಕೆಟಿಲ್ ದ್ಯುಪೆರೋನ್ ಲ್ಯಾಟಿನ್‌ಗೆ ಮಾಡಿ 1801–02ರಲ್ಲಿ ಅಚ್ಚು ಹಾಕಿಸಿದ. ಶೋಪೆನ್‌ಹೌವರ್ ಓದಿದ್ದು ಅದನ್ನು. ನಾವು ನೋಡುವ ಜಗತ್ತು ದೇಶ, ಕಾಲ, ಕಾರಣ ಎಂಬ ನಮ್ಮದೇ ಚೌಕಟ್ಟಿನೊಳಗೆ ಕಾಣುವ ತೋರಿಕೆ, ಹಿಂದಿರುವ ವಸ್ತು ಬೇರೆ ಎಂದು ಅವನಿಗಿಂತ ಹಿಂದಿನ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಆಗಲೇ ಹೇಳಿದ್ದ. ಶೋಪೆನ್‌ಹೌವರ್ ಆ ಚೌಕಟ್ಟಿಗೇ ಮಾಯೆಯ ಪರದೆ ಎಂದು ಹೆಸರಿಟ್ಟ. ಆದರೆ ಪರದೆಯ ಹಿಂದೆ ಅವನಿಗೆ ಆನಂದರೂಪಿ ಬ್ರಹ್ಮ ಕಾಣಲಿಲ್ಲ. ಗೊತ್ತುಗುರಿಯಿಲ್ಲದ ಕುರುಡು ಇಚ್ಛೆ ಕಂಡಿತು. ಹೆಸರು ನಮ್ಮದು, ಒಳಗಿನ ಸರಕು ಬೇರೆ.

ಯುರೋಪಿಗೆ ತನ್ನದೇ ಒಂದು ಪರದೆಯೂ ಇತ್ತು. ಈಜಿಪ್ಟಿನ ಸಾಯಿಸ್ ಊರಿನ ದೇವಿಯ ಮೂರ್ತಿಯ ಬಳಿ ಇದ್ದ ಬರಹವನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ: ಹಿಂದೆ ಇದ್ದದ್ದು, ಈಗ ಇರುವುದು, ಮುಂದೆ ಇರುವುದು ಎಲ್ಲ ನಾನೇ, ನನ್ನ ಹೊದಿಕೆಯನ್ನು ಯಾವ ಮನುಷ್ಯನೂ ಸರಿಸಿಲ್ಲ. 1798ರಲ್ಲಿ ಜರ್ಮನ್ ಕವಿ ನೊವಾಲಿಸ್ ಇದಕ್ಕೆ ಎರಡು ಸಾಲು ಜೋಡಿಸಿದ. ಒಬ್ಬ ಆ ಪರದೆ ಎತ್ತಿಯೇಬಿಟ್ಟ, ಕಂಡದ್ದು ತನ್ನನ್ನೇ. ನದಿ ದಾಟಿದ ಹತ್ತನೆಯವನಿಗೂ ಹೀಗೇ ಆಗಿತ್ತಲ್ಲ.

ತೆರೆ ಸರಿದ ಮೇಲೆ ಜಗತ್ತು ಏನಾಗುತ್ತದೆ?

ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ. ತೆರೆ ಸರಿದರೆ ಮನೆ, ಮಠ, ಮರ ಎಲ್ಲ ಕರಗಿಹೋಗುತ್ತದೆ ಎಂದು ಅದ್ವೈತವೂ ಹೇಳುವುದಿಲ್ಲ. ಅರಿವು ಬಂದಾಗ ಹೋಗುವುದು ಆವರಣ. ವಿಕ್ಷೇಪ ಕೂಡಲೇ ನಿಲ್ಲಬೇಕಾಗಿಲ್ಲ. ಬಿಸಿಲುಗುದುರೆ ನೀರಲ್ಲ ಎಂದು ತಿಳಿದ ಮೇಲೂ ಅದು ನೀರಿನಂತೆಯೇ ಕಾಣುತ್ತದೆ, ಆದರೆ ಕೊಡ ಹಿಡಿದು ಹೋಗುವುದಿಲ್ಲ. ಪ್ರಾರಬ್ಧ, ಅಂದರೆ ಆಗಲೇ ಫಲ ಕೊಡಲು ಶುರುಮಾಡಿದ ಕರ್ಮ, ಮುಗಿಯುವವರೆಗೆ ದೇಹವೂ ನಡೆಯುತ್ತದೆ. ಹೀಗೆ ಬದುಕುವವನನ್ನು ಜೀವನ್ಮುಕ್ತ ಎನ್ನುತ್ತಾರೆ.

ರಾಮಾನುಜರು ಜೀವನ್ಮುಕ್ತಿಯನ್ನು ಒಪ್ಪುವುದಿಲ್ಲ. ದೇಹ ಬೀಳುವವರೆಗೆ ತೆರೆ ಪೂರ್ತಿ ಹೋಗದು. ಮಧ್ವರಲ್ಲಿ ಬದುಕಿರುವಾಗಲೇ ದೇವರ ದರ್ಶನವಾಗಬಹುದು, ಆದರೆ ಬಿಡುಗಡೆ ಪ್ರಾರಬ್ಧ ಮುಗಿದ ಮೇಲೆ. ಆಗಲೂ ಜೀವ ಜೀವನಾಗಿಯೇ ಉಳಿಯುತ್ತಾನೆ, ತನ್ನ ಯೋಗ್ಯತೆಯಷ್ಟು ಆನಂದ ಪಡುತ್ತಾನೆ.

ಜೈನರಲ್ಲಿ ಇದಕ್ಕೆ ಒಂದು ಕ್ರಮವೇ ಇದೆ. ಮೊದಲು ಹೋಗಬೇಕಾದದ್ದು ಬಟ್ಟೆಯಲ್ಲ, ಹೆಂಡ. ಮೋಹನೀಯ ಕರ್ಮ ಪೂರ್ತಿ ತೀರಿದ ಮೇಲೆಯೇ ಎರಡು ಆವರಣಗಳೂ ಅಡ್ಡಿ ಮಾಡುವ ಅಂತರಾಯ ಕರ್ಮವೂ ಬೀಳುತ್ತವೆ. ಆಗ ಬರುವುದು ಕೇವಲಜ್ಞಾನ, ಅಂದರೆ ಎಲ್ಲವನ್ನೂ ತಿಳಿಯುವ ಪೂರ್ಣ ಅರಿವು. ಅದು ಬಂದವನು ಕೇವಲಿ. ದೇಹ, ಆಯುಷ್ಯ ಇವುಗಳಿಗೆ ಸಂಬಂಧಿಸಿದ ನಾಲ್ಕು ಕರ್ಮಗಳು ಇನ್ನೂ ಬಾಕಿ ಇರುತ್ತವೆ. ಹಾಗಾದರೆ ತೆರೆ ಪೂರ್ತಿ ಸರಿದ ಕೇವಲಿಗೆ ಹಸಿವಾಗುತ್ತದೆಯೇ, ಅವನು ಊಟ ಮಾಡುತ್ತಾನೆಯೇ? ಮಾಡುತ್ತಾನೆ ಎಂದು ಶ್ವೇತಾಂಬರರು, ಇಲ್ಲ ಎಂದು ದಿಗಂಬರರು. ಈ ಒಂದು ವಿಷಯದಲ್ಲಿ ಅವರಿಬ್ಬರೂ ಇಂದಿಗೂ ರಾಜಿಯಾಗಿಲ್ಲ.